ಎರಡು ಪದರದ ಸೋಲಾರ್‌ಗೆ ಕಾಯೋದಾ?

ನಮ್ಮ ಮನೆಗಳ ಮೇಲಿರೋ ಸೋಲಾರ್ ಪ್ಯಾನೆಲ್‌ಗಳೆಲ್ಲ ಬಹುತೇಕ ಸಿಲಿಕಾನಿನವು. ಸಿಲಿಕಾನ್‌ಗೆ ಒಂದು ಮಿತಿ ಇದೆ. ಎಷ್ಟೇ ಚೆನ್ನಾಗಿ ಮಾಡಿದರೂ ಬಿಸಿಲಿನ ಶೇ. 29ರಷ್ಟನ್ನು ಮಾತ್ರ ಕರೆಂಟ್ ಮಾಡಬಲ್ಲದು. ನೀಲಿ ಬೆಳಕಿನ ಹೆಚ್ಚುವರಿ ಶಕ್ತಿ ಸುಮ್ಮನೆ ಬಿಸಿಯಾಗಿ ಹೋಗುತ್ತೆ.

ಅದನ್ನ ಹಿಡಿಯೋಕೆ ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಅನ್ನೋ ಇನ್ನೊಂದು ಪದರ ಕೂರಿಸ್ತಾರೆ. ಇದೇ ಟ್ಯಾಂಡೆಮ್ ಸೆಲ್. ಸಿಲಿಕಾನ್ ಕರಗಿಸೋಕೆ 1,400 ಡಿಗ್ರಿಗೂ ಹೆಚ್ಚು ಕಾವು ಬೇಕು. ಪೆರೋವ್‌ಸ್ಕೈಟನ್ನ ದ್ರಾವಣ ಮಾಡಿ ಬಳಿದು, ಹದವಾಗಿ ಬಿಸಿ ಮಾಡಿದರೂ ಸಾಕು. ಅಗ್ಗ ಆಗಬಹುದು ಅನ್ನೋ ಆಸೆ ಇರೋದು ಇಲ್ಲೇ. 2009ರಲ್ಲಿ ಜಪಾನಿನ ಮಿಯಾಸಾಕ ತಂಡದ ಪೆರೋವ್‌ಸ್ಕೈಟ್ ಸೆಲ್ ಕೊಟ್ಟಿದ್ದು ಬರೀ ಶೇ. 3.8. 2024ರಲ್ಲಿ ಚೀನಾದ ಲಾಂಗಿ ಕಂಪನಿಯ ಟ್ಯಾಂಡೆಮ್ ಶೇ. 34.6 ಮುಟ್ಟಿತು.

ನನಗೆ ಮಜಾ ಅನ್ನಿಸೋದು ಇದರ ಡಿಸೈನ್. ಎರಡೂ ಪದರ ಒಂದೇ ಸರಣಿಯಲ್ಲಿ ಇರೋದ್ರಿಂದ ಜೋಡೆತ್ತಿನ ಗಾಡಿ ಥರ: ನಿಧಾನದ ಎತ್ತು ಎಷ್ಟು ನಡೆಯುತ್ತೋ ಗಾಡಿಯೂ ಅಷ್ಟೇ. ಮೇಲಿನ ಪದರ ದಪ್ಪ ಆದರೆ ಕೆಳಗಿನದಕ್ಕೆ ಬೆಳಕಿಲ್ಲ, ತೆಳು ಆದರೆ ಮೇಲಿನದೇ ಸೋಮಾರಿ. ದಪ್ಪ ಅಂದರೂ ಅದು ಅರ್ಧ ಮೈಕ್ರಾನ್ ಆಸುಪಾಸಿನ ಲೆಕ್ಕ! ಬ್ರೋಮಿನ್ ಜಾಸ್ತಿ ಸೇರಿಸಿದರೆ ಯಾವ ಬಣ್ಣ ಹೀರಬೇಕು ಅನ್ನೋದನ್ನ ಬದಲಾಯಿಸಬಹುದು. ಆದರೆ ತೀರಾ ಜಾಸ್ತಿಯಾದರೆ ಬಿಸಿಲಲ್ಲೇ ಬ್ರೋಮಿನ್, ಅಯೋಡಿನ್ ಬೇರೆ ಬೇರೆ ಕಡೆ ಗುಂಪು ಕಟ್ಟುತ್ತವೆ.

ಇನ್ನೂ ಒಂದು ತೊಡಕು. ಲ್ಯಾಬಿನ ದೀಪ ಬದಲಾಗಲ್ಲ, ಸೂರ್ಯ ಬದಲಾಗ್ತಾನೆ. ಸಂಜೆ ಬೆಳಕು ಕೆಂಪಾದಾಗ ಮೇಲಿನ ಪದರ ಹಿಂದೆ ಬೀಳುತ್ತೆ. ಹಾಗಾಗಿ ದಾಖಲೆ ಸಂಖ್ಯೆಗಿಂತ ವರ್ಷಕ್ಕೆ ಎಷ್ಟು ಯೂನಿಟ್ ಬಂತು ಅಂತ ಕೇಳೋದೇ ಸರಿ.

ಮೊನ್ನೆ ನಮ್ಮ ಭಾವ ಫೋನ್ ಮಾಡಿ, "ಮೂವತ್ತು-ನಲವತ್ತರ ಸೈಟು ಕಣೋ, ಟೆರೇಸಲ್ಲಿ ಜಾಗವೇ ಇಲ್ಲ. ಕಾಯೋಣ್ವಾ?" ಅಂದರು. ಪ್ರಶ್ನೆ ನ್ಯಾಯವೇ. ಜಾಗ ಕಮ್ಮಿ ಇರೋರಿಗೇ ಟ್ಯಾಂಡೆಮ್ ಹೆಚ್ಚು ಉಪಯೋಗ. ಆದರೆ ಆಕ್ಸ್‌ಫರ್ಡ್ ಪಿವಿ 2024ರಲ್ಲಿ ಮಾರಿದ ಮೊದಲ ಪ್ಯಾನೆಲ್‌ಗಳ ದಕ್ಷತೆ ಶೇ. 24.5 ಅಷ್ಟೇ. ಅದಕ್ಕಿಂತ ಮುಖ್ಯ, ಪೆರೋವ್‌ಸ್ಕೈಟ್‌ಗೆ ತೇವ, ಸೆಖೆ ಎರಡೂ ಆಗಲ್ಲ. ಸಿಲಿಕಾನ್‌ಗೆ 25 ವರ್ಷದ ವಾರಂಟಿ ಸಿಗುತ್ತೆ. ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಬೇರೆ.

"ಕಾಯಬೇಡಿ ಭಾವ. ವಾಟರ್ ಟ್ಯಾಂಕ್ ನೆರಳು ಎಲ್ಲಿ ಬೀಳುತ್ತೆ ಅಂತ ನೋಡಿ, ಈಗಲೇ ಹಾಕ್ಸಿ" ಅಂದೆ.