ಹೊರರೋಗಿ ಚಿಕಿತ್ಸೆ ಹಾಗೂ ಔಷಧವನ್ನು ಆರೋಗ್ಯ ಯೋಜನೆಗೆ ಸೇರಿಸಲು ಕೋರಿ ಮನವಿ ಪತ್ರ

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಬೇರೆ ದೇಶಗಳ ಆರೋಗ್ಯ ವ್ಯವಸ್ಥೆಗಳ ಗುಣಮಟ್ಟ, ಜೀವಿತಾವಧಿ ಮತ್ತು ವೆಚ್ಚದ ಹಿನ್ನೆಲೆಯಲ್ಲಿ ರಾಜ್ಯದ ಪ್ರಾಥಮಿಕ ಆರೋಗ್ಯ ಸೇವೆಯನ್ನು ಬಲಪಡಿಸುವ ಕುರಿತು.

ಮಾನ್ಯರೇ,

ಒಂದು ದೇಶ ಆರೋಗ್ಯಕ್ಕೆ ಮಾಡುವ ಖರ್ಚು ಹೆಚ್ಚಿದಷ್ಟೂ ಅಲ್ಲಿನ ಜನರ ಆಯಸ್ಸು ಹೆಚ್ಚುತ್ತದೆ ಎನ್ನುವಂತಿಲ್ಲ. ಅಮೆರಿಕ ಜಿಡಿಪಿಯ ಶೇ 17ರಷ್ಟನ್ನು ಆರೋಗ್ಯಕ್ಕೆ ವ್ಯಯಿಸಿದರೂ ಅಲ್ಲಿನ ಸರಾಸರಿ ಜೀವಿತಾವಧಿ 78 ವರ್ಷದ ಆಸುಪಾಸಿನಲ್ಲಿದೆ. ಜಪಾನ್ ಶೇ 11ರಷ್ಟು ಖರ್ಚಿನಲ್ಲೇ 84ನ್ನು ಮುಟ್ಟಿದೆ. ಅಲ್ಲಿ 1961ರಿಂದ ಎಲ್ಲರಿಗೂ ವಿಮೆಯಿದೆ. ಚಿಕಿತ್ಸೆಯ ದರಗಳನ್ನು ಸರ್ಕಾರವೇ ಗೊತ್ತುಪಡಿಸಿ ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ. ಬ್ರಿಟನ್ನಿನಲ್ಲಿ 1948ರಿಂದ ತೆರಿಗೆ ಹಣದಲ್ಲೇ ಎಲ್ಲರಿಗೂ ಚಿಕಿತ್ಸೆ ಸಿಗುತ್ತಿದೆ. ಆದರೂ 2023ರಲ್ಲಿ ಇಂಗ್ಲೆಂಡೊಂದರಲ್ಲೇ ಕಾಯುವವರ ಪಟ್ಟಿ 70 ಲಕ್ಷ ದಾಟಿತ್ತು. ಆಯಸ್ಸನ್ನು ಆಹಾರ, ಕುಡಿಯುವ ನೀರು, ಕೆಲಸದ ಸ್ವರೂಪಗಳೂ ನಿರ್ಧರಿಸುತ್ತವೆಯಾದ್ದರಿಂದ ಈ ಹೋಲಿಕೆಯನ್ನು ಎಚ್ಚರದಿಂದಲೇ ಮಾಡಬೇಕು.

ಕರ್ನಾಟಕಕ್ಕೆ ಹೆಚ್ಚು ಉಪಯುಕ್ತವಾದ ಪಾಠ ಇರುವುದು ಶ್ರೀಮಂತ ದೇಶಗಳಲ್ಲಲ್ಲ, ಶ್ರೀಲಂಕಾ ಮತ್ತು ಥಾಯ್ಲೆಂಡಿನಲ್ಲಿ. ಶ್ರೀಲಂಕಾ 1951ರಲ್ಲಿ ಸರ್ಕಾರಿ ಆಸ್ಪತ್ರೆಗಳ ಶುಲ್ಕವನ್ನು ರದ್ದುಮಾಡಿತು. ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು ಹಳ್ಳಿಹಳ್ಳಿಗೆ ನೇಮಿಸಿತು. ಇಂದು ಅಲ್ಲಿನ ಜೀವಿತಾವಧಿ 76 ದಾಟಿದೆ. ಭಾರತದ್ದು 70ರ ಸುತ್ತಮುತ್ತಲೇ ಇದೆ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದ್ದರೆ ತಪ್ಪಿಸಬಹುದಾಗಿದ್ದ ಸಾವುಗಳನ್ನು ಆಧರಿಸಿ ಲ್ಯಾನ್ಸೆಟ್ ಪತ್ರಿಕೆ 2018ರಲ್ಲಿ ಪ್ರಕಟಿಸಿದ ಸೂಚ್ಯಂಕದಲ್ಲಿ, 195 ದೇಶಗಳ ಪೈಕಿ ಶ್ರೀಲಂಕಾ 71ನೇ ಸ್ಥಾನದಲ್ಲಿತ್ತು, ಭಾರತ 145ರಲ್ಲಿತ್ತು.

ಥಾಯ್ಲೆಂಡ್ 2002ರಲ್ಲಿ ಜಾರಿಗೆ ತಂದ ಯೋಜನೆಯಲ್ಲಿ ಒಂದು ಭೇಟಿಗೆ ರೋಗಿ ಕೊಡಬೇಕಿದ್ದುದು 30 ಬಾತ್ ಮಾತ್ರ. ಅದರ ನಿಜವಾದ ಸತ್ವ ಹಣ ಹಂಚುವ ಕ್ರಮದಲ್ಲಿದೆ. ನೋಂದಾಯಿತ ಜನರ ತಲೆಯೆಣಿಕೆಯ ಮೇಲೆ ಜಿಲ್ಲಾ ಮಟ್ಟದ ಆಸ್ಪತ್ರೆ ಹಾಗೂ ಅದರಡಿಯ ಆರೋಗ್ಯ ಕೇಂದ್ರಗಳಿಗೆ ಮುಂಗಡವಾಗಿ ಹಣ ಬರುತ್ತದೆ. ಹಾಗಾಗಿ ಕಾಯಿಲೆ ಉಲ್ಬಣಿಸದಂತೆ ನೋಡಿಕೊಳ್ಳುವುದು ಆಸ್ಪತ್ರೆಗೇ ಲಾಭ. ವೈದ್ಯ ಪದವೀಧರರ ಗ್ರಾಮೀಣ ಸೇವೆ ಅಲ್ಲಿ 1970ರ ದಶಕದಿಂದಲೇ ಕಡ್ಡಾಯ. ಒಟ್ಟು ಆರೋಗ್ಯ ವೆಚ್ಚದಲ್ಲಿ ಮೂರನೇ ಒಂದರಷ್ಟಿದ್ದ ಜನರ ಕೈಖರ್ಚು ಈಗ ಹತ್ತನೇ ಒಂದರ ಆಸುಪಾಸಿಗೆ ಇಳಿದಿದೆ. ಭಾರತದಲ್ಲಿ 2021-22ರಲ್ಲಿ ಅದು ಶೇ 39.4ರಷ್ಟಿತ್ತು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡುತ್ತದೆ. ಹೃದಯ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದರಿಂದ ಜೀವ ಉಳಿದವರು ಅನೇಕರು. ಆದರೆ ಅದು ಬಹುಮಟ್ಟಿಗೆ ಆಸ್ಪತ್ರೆಗೆ ದಾಖಲಾದವರಿಗೆ ಸೀಮಿತ. ಬಿಪಿ ಇರುವ ಕೂಲಿ ಮಹಿಳೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಎಷ್ಟೋ ಕಡೆ ಸಿಗುವುದು ಹತ್ತು ದಿನದ ಮಾತ್ರೆ, ಇಲ್ಲವೇ ಹೊರಗಿನ ಮೆಡಿಕಲ್ ಶಾಪಿಗೆ ಚೀಟಿ. ಮತ್ತೆ ಹೋಗಲು ಒಂದು ದಿನದ ಕೂಲಿ ಬಿಡಬೇಕು. ಆಕೆ ಮಾತ್ರೆ ನಿಲ್ಲಿಸುತ್ತಾಳೆ. ಮುಂದೆ ಪಾರ್ಶ್ವವಾಯು ಹೊಡೆದು ದಾಖಲಾದಾಗ ಯೋಜನೆಯ ಕಾರ್ಡು ಕೆಲಸಕ್ಕೆ ಬರುತ್ತದೆ. ಕೆಲವೇ ರೂಪಾಯಿಯ ಮಾತ್ರೆ ತಡೆಯಬಹುದಾಗಿದ್ದ ಹಾನಿಗೆ ಸರ್ಕಾರ ಸಾವಿರಗಟ್ಟಲೆ ತೆರುತ್ತದೆ, ಆಕೆಯ ಕೈಕಾಲಿನ ಬಲ ಮಾತ್ರ ಪೂರ್ತಿ ಮರಳುವ ಖಾತ್ರಿಯಿಲ್ಲ. ಇದು ಅನ್ಯಾಯ.

ಆದ್ದರಿಂದ ಹೊರರೋಗಿ ಚಿಕಿತ್ಸೆಯನ್ನೂ ಔಷಧವನ್ನೂ ಯೋಜನೆಯ ವ್ಯಾಪ್ತಿಗೆ ತರಬೇಕೆಂಬುದು ಮನವಿದಾರರ ಮುಖ್ಯ ಬೇಡಿಕೆ. ಬಿಪಿ, ಸಕ್ಕರೆ ಕಾಯಿಲೆ, ಅಸ್ತಮಾ, ಮೂರ್ಛೆರೋಗ ಮತ್ತು ಮಾನಸಿಕ ಕಾಯಿಲೆಗಳಿಗೆ ಒಮ್ಮೆಗೇ ಕನಿಷ್ಠ ಒಂದು ತಿಂಗಳ ಔಷಧವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಕೊಡಬೇಕು. ದಾಸ್ತಾನು ಮುಗಿದು ಹೊರಗೆ ಚೀಟಿ ಬರೆದರೆ ಆ ವೆಚ್ಚವನ್ನು ಇಲಾಖೆಯೇ ಭರಿಸಬೇಕು. ತಾಲ್ಲೂಕು ಆಸ್ಪತ್ರೆಗಳಿಗೆ ಜನಸಂಖ್ಯೆಯ ಆಧಾರದಲ್ಲಿ ಮುಂಗಡ ಅನುದಾನ ನೀಡುವ ಪದ್ಧತಿಯನ್ನು, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಿಂದಲೇ ಆರಂಭಿಸಬೇಕು. ಅಲ್ಲಿನ ಖಾಲಿ ವೈದ್ಯ ಮತ್ತು ಶುಶ್ರೂಷಕರ ಹುದ್ದೆಗಳನ್ನು ಮೊದಲು ತುಂಬಬೇಕು. ಚಿಕಿತ್ಸೆಯಿಂದ ತಪ್ಪಿಸಬಹುದಾಗಿದ್ದ ಸಾವುಗಳ ಲೆಕ್ಕವನ್ನು ತಾಲ್ಲೂಕುವಾರು ಪ್ರತಿವರ್ಷ ಕನ್ನಡದಲ್ಲಿ ಪ್ರಕಟಿಸಿ, ಗ್ರಾಮಸಭೆಗಳ ಮುಂದಿಡಬೇಕು.

ಇಂತಿ,
ಸಹಿ ಮಾಡಿರುವ ನಾಗರಿಕರು