ಕೈತಪ್ಪಿದ ಮನೆ, ತಪ್ಪಿದ ಮಾತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಕಟ್ಟುವವನ ಕಷ್ಟವನ್ನು ಬಲ್ಲ ಆ ಗಾದೆಯು, ಕಟ್ಟಿದ ಮನೆಯನ್ನು ಕೊಳ್ಳಹೊರಟವನ ಕಷ್ಟವನ್ನು ಹೇಳಲಿಲ್ಲ. ತಿಂಗಳುಗಟ್ಟಲೆ ನಡೆದ ವ್ಯವಹಾರವು ನೋಂದಣಿಯ ದಿನ ಮುರಿದುಬಿದ್ದಾಗ, ಆ ಕುಟುಂಬವನ್ನು ಕಾಣಲು ಬರುವ ಬಂಧುಗಳೂ ಸಹಧರ್ಮಿಗಳೂ ಸಾಮಾನ್ಯವಾಗಿ ಒಂದೇ ಮಾತನ್ನಾಡುತ್ತಾರೆ: "ಆ ಮನೆಯ ಋಣ ನಿಮಗಿರಲಿಲ್ಲ, ಬಿಟ್ಟುಬಿಡಿ." ಸಾಂತ್ವನದ ವೇಷದಲ್ಲಿ ಬರುವ ಈ ಮಾತು ನೊಂದವನಿಗೆ ನೆರವಾಗುವುದಿಲ್ಲ, ನೋಯಿಸಿದವನಿಗೆ ಮಾತ್ರ ನೆರವಾಗುತ್ತದೆ.

ಒಂದು ಸಾಮಾನ್ಯ ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗೃಹಸ್ಥನೊಬ್ಬನು ಹಲವು ವರ್ಷ ಬಾಡಿಗೆಯ ಮನೆಯಲ್ಲಿದ್ದು, ಬಸದಿಗೆ ನಡೆದುಹೋಗುವಷ್ಟು ಸಮೀಪದಲ್ಲಿ ಒಂದು ಹಳೆಯ ಮನೆಯನ್ನು ಗೊತ್ತುಮಾಡಿದ್ದಾನೆ. ಕರಾರು ಪತ್ರವಾಗಿದೆ, ಮುಂಗಡ ಸಂದಿದೆ, ಬ್ಯಾಂಕಿನ ಸಾಲ ಮಂಜೂರಾಗಿದೆ. ಕೂಡಿಟ್ಟ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿದ್ದಾಗಿದೆ, ಹೆಂಡತಿಯ ಬಳೆಗಳು ಅಡವಿಗೆ ಹೋಗಿವೆ. ಇರುವ ಮನೆಯ ಮಾಲೀಕನಿಗೆ ಬಿಡುವ ದಿನವನ್ನು ತಿಳಿಸಲಾಗಿದೆ. ದೇವರ ಕೋಣೆ ಎಲ್ಲಿರಬೇಕೆಂಬುದನ್ನು ವೃದ್ಧ ತಾಯಿ ನಿಶ್ಚಯಿಸಿಬಿಟ್ಟಿದ್ದಾಳೆ. ನೋಂದಣಿಯ ದಿನ ಬೆಳಗ್ಗೆ ಎಲ್ಲರೂ ಉಪನೋಂದಣಾಧಿಕಾರಿಯ ಕಚೇರಿಯ ಬೆಂಚಿನ ಮೇಲೆ ಕುಳಿತಿರುತ್ತಾರೆ, ಮಾರುವವನು ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ದಲ್ಲಾಳಿಯಿಂದ ಸುದ್ದಿ ಬರುತ್ತದೆ: ಬೇರೊಬ್ಬರು ಹೆಚ್ಚು ಕೊಡುತ್ತಾರಂತೆ. ಮುಂಗಡದ ಗತಿಯೇನೆಂದು ಕೇಳಿದರೆ, "ಎಲ್ಲಿಗೆ ಹೋಗುತ್ತದೆ? ಸ್ವಲ್ಪ ದಿನ ತಾಳಿ" ಎಂಬ ಉತ್ತರ.

ಇಂಥ ಕುಟುಂಬಕ್ಕೆ ಋಣದ ಉಪದೇಶ ಮಾಡುವವರನ್ನು ಒಂದು ಪ್ರಶ್ನೆ ಕೇಳಬೇಕು. ತಮ್ಮ ಅಂಗಡಿಯಿಂದ ಸರಕು ಒಯ್ದವನು ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂತಿರುಗಿದಾಗ, ಆ ಹಣದ ಋಣ ತಮಗಿರಲಿಲ್ಲವೆಂದು ಅವರು ಸುಮ್ಮನಿರುವರೇ? ಕಾನೂನು ವಿಧಿಸಿದ ಮೂವತ್ತು ದಿನಗಳು ಮುಗಿಯುವ ಮೊದಲೇ ವಕೀಲರ ನೋಟೀಸು ಹೊರಡುತ್ತದೆ. ತಮ್ಮ ಬಾಕಿಗೆ ಕಾಯಿದೆ, ಪರರ ಬಾಕಿಗೆ ಕರ್ಮಸಿದ್ಧಾಂತ! ಇದು ಸಿದ್ಧಾಂತದ ಮೇಲಿನ ಶ್ರದ್ಧೆಯಲ್ಲ, ತೊಂದರೆ ತೆಗೆದುಕೊಳ್ಳಲು ಒಪ್ಪದ ಆಲಸ್ಯ.

ಕರ್ಮಸಿದ್ಧಾಂತವು ಹೇಳುವುದೇ ಬೇರೆ. ಕೊಳ್ಳುವವನಿಗೆ ಒದಗಿದ ದುಃಖವು ಅವನ ಪೂರ್ವಕರ್ಮದ ಉದಯವೆಂದು ಒಪ್ಪಿದರೂ, ಅದಕ್ಕೆ ನಿಮಿತ್ತನಾದವನು ಲೋಭದಿಂದ ಮಾಡಿದ ಕಾರ್ಯವು ಅವನ ಪಾಲಿಗೆ ಹೊಸ ಆಸ್ರವವೇ ಹೌದು. ಒಬ್ಬನ ಕರ್ಮೋದಯವು ಇನ್ನೊಬ್ಬನ ಅಪರಾಧಕ್ಕೆ ರಸೀದಿಯಾಗಲಾರದು. ಆದುದರಿಂದ ಇಲ್ಲಿ ಎರಡು ಲೆಕ್ಕಗಳಿವೆ: ಒಂದು ಮನೆಯ ಲೆಕ್ಕ, ಇನ್ನೊಂದು ಮಾತಿನ ಲೆಕ್ಕ. ಮನೆಯ ಲೆಕ್ಕವನ್ನು ಕಳೆದುಕೊಂಡವನು ಮುಚ್ಚಬೇಕು. ಮಾತಿನ ಲೆಕ್ಕವನ್ನು ಅದು ತೀರುವವರೆಗೆ ಸಮಾಜವು ತೆರೆದಿಡಬೇಕು. ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದರಿಂದಲೇ ಎಲ್ಲ ಗೊಂದಲವೂ ಹುಟ್ಟುತ್ತದೆ.

ಮುರಿದ ವ್ಯವಹಾರಗಳೆಲ್ಲವೂ ಅಧರ್ಮವೆಂದು ಇದರ ಅರ್ಥವಲ್ಲ. ಆಸ್ತಿಯ ಹಕ್ಕುಪತ್ರಗಳಲ್ಲಿ ದೋಷ ಕಾಣಬಹುದು, ಬ್ಯಾಂಕು ಕೊನೆಯ ಗಳಿಗೆಯಲ್ಲಿ ಸಾಲವನ್ನು ನಿರಾಕರಿಸಬಹುದು, ಮನೆಯಲ್ಲಿ ಮರಣವೋ ಕಾಯಿಲೆಯೋ ಸಂಭವಿಸಬಹುದು. ಅಂಥ ಸಂದರ್ಭದಲ್ಲಿ ಎದುರಿಗೆ ಕುಳಿತು, ಇದ್ದುದನ್ನು ಇದ್ದಂತೆ ಹೇಳಿ, ಹಣವನ್ನು ಹಿಂತಿರುಗಿಸಿ ಕೈಮುಗಿದರೆ ವೈಮನಸ್ಯಕ್ಕೆ ಎಡೆಯಿರುವುದಿಲ್ಲ. ಕೊಳ್ಳುವವನೇ ಹಿಂಜರಿದರೆ ಅವನಿಗೂ ಇದೇ ನಿಯಮ. ಖಂಡನೆಗೆ ಅರ್ಹವಾದುದು ಎರಡೇ: ಲೋಭಕ್ಕಾಗಿ ಮುರಿದ ಮಾತು, ಮತ್ತು ಮುರಿದ ಮೇಲೂ ಕೈಯಲ್ಲಿ ಹಿಡಿದಿಟ್ಟ ಹಣ.

ಹೆಚ್ಚಿನ ಬೆಲೆಗೆ ಮಾರುವುದು ವ್ಯಾಪಾರಧರ್ಮವಲ್ಲವೇ ಎಂದು ಕೇಳುವವರುಂಟು. ಮಾತು ಕೊಡುವ ಮೊದಲು ಖಂಡಿತವಾಗಿಯೂ ಹೌದು. ಮಾತು ಕೊಟ್ಟ ಮೇಲೆ ಆ ಪ್ರಶ್ನೆಯೇ ಏಳಬಾರದು. ಕರಾರಿನ ನಂತರ ಪೇಟೆಯಲ್ಲಿ ಬೆಲೆ ಕುಸಿದಿದ್ದರೆ ಮಾರುವವನು ತಾನಾಗಿಯೇ ಕ್ರಯವನ್ನು ಇಳಿಸುತ್ತಿದ್ದನೇ? ಇಳಿದಾಗ ಕರಾರು ಪವಿತ್ರ, ಏರಿದಾಗ ಕರಾರು ಬರಿಯ ಕಾಗದ ಎನ್ನುವುದು, ಕೊಳ್ಳುವಾಗ ಒಂದು ತೂಕದ ಕಲ್ಲನ್ನೂ ಮಾರುವಾಗ ಇನ್ನೊಂದನ್ನೂ ಬಳಸಿದಂತೆ. ಅಂಥ ಅಂಗಡಿಯವನನ್ನು ಏನೆಂದು ಕರೆಯುತ್ತಾರೆಂಬುದು ವ್ಯಾಪಾರಿ ಕುಟುಂಬಗಳಿಗೆ ತಿಳಿಯದ ವಿಷಯವಲ್ಲ.

ಕೇಳಿಬರುವ ಮತ್ತೊಂದು ನೆಪವೆಂದರೆ, "ತಂಗಿ ಸಹಿ ಹಾಕಲು ಒಪ್ಪುತ್ತಿಲ್ಲ" ಎಂಬುದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ತಿದ್ದುಪಡಿಯು ಕೊಟ್ಟಿತು. ಆ ಹಕ್ಕು ಜನ್ಮದಿಂದಲೇ ಬರುವುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಹೀಗಿದ್ದರೂ ಪಿತ್ರಾರ್ಜಿತ ಮನೆಯನ್ನು ಸಹೋದರರಷ್ಟೇ ಸೇರಿ ಮಾರಾಟಕ್ಕಿಟ್ಟು, ಮುಂಗಡ ಪಡೆದು ಖರ್ಚುಮಾಡಿ, ನೋಂದಣಿಯ ವಾರದಲ್ಲಿ ತಂಗಿಯನ್ನು ಸಹಿಗಾಗಿ ಕರೆಸುತ್ತಾರೆ. ಆಕೆ ತನ್ನ ಪಾಲನ್ನು ಕೇಳಿದರೆ ವ್ಯವಹಾರ ಕೆಡಿಸಿದವಳೆಂಬ ಅಪವಾದವೂ ಆಕೆಗೇ. ಕೆಡಿಸಿದವರು ಆಕೆಯನ್ನು ಕೇಳದೆ ಮಾತು ಕೊಟ್ಟವರು. ಅವರು ಒಂದೇ ಏಟಿಗೆ ಕೊಳ್ಳುವವನಿಗೂ ಒಡಹುಟ್ಟಿದವಳಿಗೂ ಅನ್ಯಾಯ ಮಾಡಿದರು.

ಕಾನೂನಿನಲ್ಲಿ ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಆದರೆ ಅದರ ಮಿತಿಯನ್ನು ಅರಿತಿರಬೇಕು. ಕ್ರಯದ ಕರಾರು ತಾನಾಗಿಯೇ ಆಸ್ತಿಯಲ್ಲಿ ಹಕ್ಕನ್ನು ಹುಟ್ಟಿಸುವುದಿಲ್ಲವೆಂದು 1882ರ ಆಸ್ತಿ ಹಸ್ತಾಂತರ ಅಧಿನಿಯಮದ 54ನೆಯ ಕಲಮು ಹೇಳುತ್ತದೆ. ಆದರೆ ಕರಾರನ್ನು ನೆರವೇರಿಸುವಂತೆ ದಾವೆ ಹೂಡಬಹುದು. 2018ರ ತಿದ್ದುಪಡಿಯ ನಂತರ ಈ ಪರಿಹಾರವು ಮೊದಲಿನಷ್ಟು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದಾಗಿ ಉಳಿದಿಲ್ಲ. ಕರಾರಿನಲ್ಲಿ ದಿನ ಗೊತ್ತಾಗಿದ್ದರೆ ಆ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು, ಕೊಳ್ಳುವವನು ತಾನು ಸದಾ ಸಿದ್ಧನಾಗಿದ್ದುದನ್ನು ತೋರಿಸಬೇಕು. ಅದೇ ಅಧಿನಿಯಮದ 55ನೆಯ ಕಲಮಿನಂತೆ, ಮುಂಚಿತವಾಗಿ ಕೊಟ್ಟ ಕ್ರಯದ ಹಣಕ್ಕೆ ಆ ಆಸ್ತಿಯ ಮೇಲೆಯೇ ಭಾರವಿರುತ್ತದೆ. ಕೊಳ್ಳುವವನೇ ತಪ್ಪಿದಾಗಲೂ ಎಲ್ಲ ಹಣವನ್ನು ನುಂಗುವಂತಿಲ್ಲ. 1963ರಲ್ಲಿ ಫತೇಚಂದ್ ಮತ್ತು ಬಾಲಕಿಷನ್ ದಾಸ್ ಪ್ರಕರಣದಲ್ಲಿ, ಸಂದಾಯವಾಗಿದ್ದ 25,000 ರೂಪಾಯಿಗಳಲ್ಲಿ ಸಂಚಕಾರವೆಂದು ಕೊಟ್ಟ 1,000 ರೂಪಾಯಿಯನ್ನಷ್ಟೇ ಮುಟ್ಟುಗೋಲು ಹಾಕಬಹುದು, ಉಳಿದದ್ದಕ್ಕೆ ಹಾಕಿದ ಷರತ್ತು ದಂಡದ ಸ್ವರೂಪದ್ದು ಎಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಇಷ್ಟೆಲ್ಲ ಇದ್ದರೂ, ಮಗಳ ಶಾಲೆ ಆರಂಭವಾಗುವುದರೊಳಗೆ ಯಾವ ದಾವೆಯೂ ಮುಗಿಯುವುದಿಲ್ಲ. ಮಾತು ಮುರಿಯುವವನು ನಂಬಿರುವುದು ನ್ಯಾಯವನ್ನಲ್ಲ, ಈ ವಿಳಂಬವನ್ನು.

ಇಲ್ಲಿ ಸಂಚಕಾರ ಎಂಬ ಶಬ್ದವನ್ನೇ ಗಮನಿಸಬೇಕು. ಅದು ಸಂಸ್ಕೃತದ ಸತ್ಯಂಕಾರದ ತದ್ಭವ; ಮಾತನ್ನು ಸತ್ಯವಾಗಿಸಲು ಕೊಡುವ ಹಣವೆಂದು ಅದರ ಅರ್ಥ. ಇಂದಿನ ಮಾತಿನಲ್ಲಿ ಅದು 'ಪ್ರಾಣಕ್ಕೆ ಸಂಚಕಾರ' ಎಂಬಂತೆ ಅಪಾಯದ ಹೆಸರಾಗಿ ಉಳಿದಿದೆ. ಸತ್ಯಕ್ಕಾಗಿ ಕೊಟ್ಟ ಹಣವು ಅಪಾಯದ ಹಣವಾದ ಕಥೆಯನ್ನು ಈ ಒಂದು ಶಬ್ದವೇ ಹೇಳುವಂತಿದೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸುತ್ತದೆ. ಅದನ್ನು ಪೂಜ್ಯಪಾದಾಚಾರ್ಯರು ವಿವರಿಸಿದ ರೀತಿಯು ಮನನೀಯವಾಗಿದೆ. ಒತ್ತೆಯಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು 'ಅಷ್ಟೇ ಹೌದು' ಎಂದು ಒಪ್ಪಿಕೊಳ್ಳುವುದೇ ನ್ಯಾಸಾಪಹಾರ. ಮುಂಗಡವು ಒತ್ತೆಯಲ್ಲ, ಕ್ರಯದ ಭಾಗ ಎಂದು ವಾದಿಸಬಹುದು. ಮಾರುವ ಮನಸ್ಸಿರುವವರೆಗೆ ಆ ವಾದ ಸರಿ. ಮಾರುವುದಿಲ್ಲವೆಂದು ಹೇಳಿದ ಕ್ಷಣದಿಂದ ಅದು ಪರರ ಹಣ, ಇವನ ವಶದಲ್ಲಿರುವುದು ಬರಿಯ ರಕ್ಷಣೆಗಾಗಿ. ಕೊಟ್ಟವನ ಮರೆವಿನ ಲಾಭ ಪಡೆಯುವುದೇ ಅತಿಚಾರವಾದರೆ, ಅವನು ನೆನಪಿಟ್ಟು ವಾರವಾರವೂ ಬಂದು ಬೇಡುತ್ತಿರುವಾಗ ಕಾಯಿಸುವುದನ್ನು ಏನೆಂದು ಕರೆಯಬೇಕು? 2014-15ನೆಯ ಆರ್ಥಿಕ ವರ್ಷದಿಂದ ಆದಾಯ ತೆರಿಗೆಯ ಕಾನೂನು ಮುಟ್ಟುಗೋಲಾದ ಮುಂಗಡವನ್ನು ಆದಾಯವೆಂದೇ ಪರಿಗಣಿಸಿ ತೆರಿಗೆ ಹಾಕುತ್ತದೆ. ಸರ್ಕಾರವು ಆದಾಯವೆಂದ ಮಾತ್ರಕ್ಕೆ ಅದು ನ್ಯಾಯೋಪಾರ್ಜಿತವಾಗುವುದಿಲ್ಲ.

ಕೊಳ್ಳುವವನ ಕಡೆಯಲ್ಲಿಯೂ ದೋಷವಿರುವುದುಂಟು. ಮುದ್ರಾಂಕ ಶುಲ್ಕ ಉಳಿಸಲೆಂದು ಪತ್ರದಲ್ಲಿ ಕಡಿಮೆ ಬರೆಯಿಸಿ, ಉಳಿದದ್ದನ್ನು ನಗದಾಗಿ ಕೊಟ್ಟವನು ನಾಳೆ ಯಾವ ಮುಖದಿಂದ ಆ ಹಣವನ್ನು ಕೇಳಬೇಕು? ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು 2015ರ ಜೂನ್ 1ರಿಂದ ಕಾನೂನು ನಿಷೇಧಿಸಿದೆ. ಕೂಟಲೇಖಕ್ಕೆ ತಾನೂ ಕೈಜೋಡಿಸಿದವನಿಗೆ ಸಾಕ್ಷಿಯೂ ಇಲ್ಲ, ಧೈರ್ಯವೂ ಇಲ್ಲ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡುವುದು, ಎಲ್ಲ ಹಕ್ಕುದಾರರ ಸಹಿಯನ್ನು ಕರಾರಿನಲ್ಲೇ ಪಡೆಯುವುದು, ಕರಾರನ್ನು ನೋಂದಾಯಿಸುವುದು ಇವು ಅಪನಂಬಿಕೆಯ ಗುರುತುಗಳಲ್ಲ. ನೋಂದಾಯಿತ ಕರಾರು ಋಣಭಾರ ಪತ್ರದಲ್ಲಿ ಕಾಣಿಸುವುದರಿಂದ, ಎರಡನೆಯ ಗಿರಾಕಿಗೆ ಮೊದಲನೆಯವನ ವಿಷಯವನ್ನು ಮುಚ್ಚಿಡುವುದು ಕಷ್ಟವಾಗುತ್ತದೆ. ನೆಂಟರ ನಡುವೆ ಬರವಣಿಗೆ ಏಕೆ ಎನ್ನುವವರು, ನೆಂಟಸ್ತಿಕೆ ಉಳಿಯಬೇಕೆಂದರೇ ಬರವಣಿಗೆ ಬೇಕೆಂಬುದನ್ನು ಅರಿಯಲಿ.

ಇನ್ನು ಮನೆಯ ಲೆಕ್ಕ. ಇಷ್ಟವಾದುದು ಅಗಲಿದಾಗ ಮತ್ತೆ ಮತ್ತೆ ಅದನ್ನೇ ನೆನೆದು ಕೊರಗುವುದು ಆರ್ತಧ್ಯಾನ. ಕೊರಗು ದ್ವೇಷಕ್ಕೆ ತಿರುಗಿ ಹಿಂಸೆಯ ಯೋಚನೆಯಲ್ಲಿ ತೊಡಗಿದರೆ ರೌದ್ರಧ್ಯಾನ. ಇದು ಗ್ರಂಥದ ಮಾತಷ್ಟೇ ಅಲ್ಲ, ಕೈತಪ್ಪಿದ ಮನೆಯ ಬೀದಿಯಲ್ಲಿ ಸಂಜೆ ಸುತ್ತಾಡುವವನಿಗೆ ಅನುಭವದ ಮಾತು. ಪ್ರಾಯಶಃ ಅವನು ಕಳೆದುಕೊಂಡದ್ದು ಇಟ್ಟಿಗೆ ಗೋಡೆಗಳನ್ನಲ್ಲ. ಆ ಗೋಡೆಗಳೊಳಗೆ ತಾನು ಬದುಕಬೇಕೆಂದಿದ್ದ ಬದುಕನ್ನು. ಆ ದುಃಖ ನಿಜವಾದುದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಅದಕ್ಕೆ ಒಂದು ಅವಧಿಯನ್ನು ಗೊತ್ತುಮಾಡಬೇಕು.

ಅದಕ್ಕೆ ದಾರಿ ಕೆಲಸದಲ್ಲಿದೆ. ಮೊದಲ ವಾರದಲ್ಲೇ ಇರುವ ಮನೆಯ ಮಾಲೀಕನನ್ನು ಕಂಡು ಇನ್ನಷ್ಟು ಕಾಲ ಕೇಳಬೇಕು. ಬ್ಯಾಂಕಿಗೆ ತಿಳಿಸಿ, ಮಂಜೂರಾತಿಯು ಬೇರೆ ಮನೆಗೆ ಎಷ್ಟು ದಿನ ಸಲ್ಲುವುದೆಂದು ವಿಚಾರಿಸಬೇಕು. ಬಳಕೆಯಾಗದ ಮುದ್ರಾಂಕದ ಹಣಕ್ಕೆ ಅವಧಿಯೊಳಗೆ ಅರ್ಜಿ ಹಾಕಬೇಕು. ಮುಂಗಡವನ್ನು ಬಾಯಿಮಾತಿನಲ್ಲಿ ಬೇಡದೆ, ದಿನಾಂಕ ನಮೂದಿಸಿ ಬರಹದಲ್ಲಿ ಕೇಳಬೇಕು. ಅಡವಿಟ್ಟ ಬಳೆಗಳನ್ನು ಮೊದಲು ಬಿಡಿಸಬೇಕು. ಬಡ್ಡಿಗೆ ದುಃಖ ತಿಳಿಯದು. ಮಕ್ಕಳಿಗೂ ವೃದ್ಧರಿಗೂ ನಡೆದುದನ್ನು ನೇರವಾಗಿ ಹೇಳಬೇಕು. ಅವಮಾನ ತೊಳೆಯಲೆಂದು ಆ ತಿಂಗಳಲ್ಲೇ ಸಿಕ್ಕ ಮನೆಯನ್ನು ಸಿಕ್ಕ ಬೆಲೆಗೆ ಕೊಳ್ಳಬಾರದು. ಪರಿಗ್ರಹ ಪರಿಮಾಣವ್ರತದಲ್ಲಿ ಕ್ಷೇತ್ರ ಮತ್ತು ವಾಸ್ತುವನ್ನೇ ಮೊದಲು ಹೆಸರಿಸಿರುವುದು ಆಕಸ್ಮಿಕವಿರಲಾರದು. ಮನುಷ್ಯನು ಬೇಗನೆ ಅಳತೆ ಮೀರುವುದು ಅಲ್ಲಿಯೇ. ಬಾಡಿಗೆಯ ಮನೆಯಲ್ಲಿರುವುದು ಅಗೌರವವಲ್ಲ. ಮಾತಿಗೆ ತಪ್ಪಿ ಮಾಳಿಗೆಯ ಮೇಲಿರುವುದೇ ಅಗೌರವ. ಹಣವನ್ನು ಬಿಡದೆ ಕೇಳುತ್ತಾ, ಕೇಳುವಾಗ ಮನಸ್ಸನ್ನು ಕೆಡಿಸಿಕೊಳ್ಳದಿರುವುದು ಕಠಿಣ. ಕ್ಷಮೆಯೆಂದರೆ ಬಾಕಿ ಮನ್ನಾ ಎಂದಲ್ಲ.

ಉಳಿದದ್ದು ಸಮಾಜದ, ಅದರಲ್ಲಿಯೂ ಮಂದಿರದ ಟ್ರಸ್ಟುಗಳ ಕರ್ತವ್ಯ. ಮಾತು ಮುರಿದು ಗಳಿಸಿದ ಹೆಚ್ಚುವರಿ ಹಣದಲ್ಲಿ ಒಂದು ಪಾಲು ಪಂಚಕಲ್ಯಾಣದ ದೇಣಿಗೆಯಾಗಿ ಬಂದರೆ, ಅದನ್ನು ಸ್ವೀಕರಿಸಿ ಶಾಲು ಹೊದಿಸುವ ಮೊದಲು ಟ್ರಸ್ಟಿಗಳು ಒಂದು ಪ್ರಶ್ನೆ ಕೇಳಲಿ: ಮೊದಲ ಗಿರಾಕಿಯ ಮುಂಗಡ ಹಿಂತಿರುಗಿದೆಯೇ? ಶ್ರಾವಕನ ಲಕ್ಷಣಗಳನ್ನು ಹೇಳುವಾಗ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟರು. ಪೂಜೆಯ ಮಾತು ಅದರ ನಂತರ ಬರುತ್ತದೆ. ಊರಿನ ಇಬ್ಬರು ಮೂವರು ನಿಷ್ಪಕ್ಷಪಾತಿ ಹಿರಿಯರು ಇಂಥ ವ್ಯಾಜ್ಯಗಳನ್ನು ತಿಂಗಳೊಳಗೆ ಕುಳಿತು ಬಗೆಹರಿಸುವ ಏರ್ಪಾಡನ್ನು ಟ್ರಸ್ಟು ಮಾಡಬಹುದು. ಮನೆ ಬಿಟ್ಟು ಬೀದಿಗೆ ಬಂದ ಕುಟುಂಬಕ್ಕೆ ಯಾತ್ರಿನಿವಾಸದ ಎರಡು ಕೋಣೆಗಳನ್ನು ಒಂದೆರಡು ತಿಂಗಳು ಕೊಡಬಹುದು. ಟ್ರಸ್ಟು ತಾನೇ ಆಸ್ತಿ ಮಾರುವಾಗ, ಸಭೆಯ ಠರಾವೂ ಬೇಕಾದ ಅನುಮತಿಯೂ ಕೈಗೆ ಬರುವ ಮೊದಲು ಯಾರಿಂದಲೂ ಮುಂಗಡ ಪಡೆಯದಿರಲಿ.

ಪರ್ಯುಷಣದ ಕೊನೆಯಲ್ಲಿ ಎಲ್ಲ ಜೀವಿಗಳ ಕ್ಷಮೆಯನ್ನೂ ಕೇಳುವ ಸಂಪ್ರದಾಯವಿದೆ. ಒಬ್ಬನ ಮುಂಗಡವನ್ನು ಹಿಡಿದಿಟ್ಟುಕೊಂಡ ಕೈಗಳೇ ಅಂದು ಅವನೆದುರು ಜೋಡುವುದಾದರೆ, ಆ ಕ್ಷಮಾಯಾಚನೆಗೆ ಅರ್ಥವೇನು? ಮೊದಲು ಹಣ ಹಿಂತಿರುಗಲಿ, ಆಮೇಲೆ ಕೈ ಜೋಡಲಿ. ಕಳೆದುಕೊಂಡವನು ಅಷ್ಟರಲ್ಲಿ ಇನ್ನೊಂದು ಮನೆಯನ್ನು ಕಂಡುಕೊಂಡಿರಬಹುದು, ಕಾಣದೆಯೂ ಇರಬಹುದು. ಮಾತಿನ ಲೆಕ್ಕ ತೀರುವುದಕ್ಕೂ ಅವನಿಗೆ ಮನೆ ಸಿಗುವುದಕ್ಕೂ ಸಂಬಂಧವಿಲ್ಲ.