ಯಜಮಾನನಿಲ್ಲದ ಮನೆ

ಹಾಸ್ಯವೆಂಬುದು ಹೊಟ್ಟೆ ತುಂಬಿದವರ ವಿನೋದವೆಂದು ತಿಳಿದವರು ನಮ್ಮಲ್ಲಿ ಅನೇಕರುಂಟು. ಅಂಥವರು ಅಮೆರಿಕೆಯ ‘ಗುಡ್ ಟೈಮ್ಸ್’ ಎಂಬ ಟೆಲಿವಿಷನ್ ಹಾಸ್ಯಮಾಲೆಯನ್ನು ನೋಡಬೇಕು. ಹೆಸರೇನೋ ಒಳ್ಳೆಯ ದಿನಗಳೆಂದು. ಮನೆಯಲ್ಲಿ ಬಾಡಿಗೆಗೆ ಹಣವಿಲ್ಲ.

೧೯೭೪ರ ಫೆಬ್ರವರಿಯಿಂದ ೧೯೭೯ರ ಆಗಸ್ಟ್‌ವರೆಗೆ ನಡೆದ ಈ ಮಾಲೆಯು ಚಿಕಾಗೋ ನಗರದ ಸರಕಾರಿ ಬಹುಮಹಡಿ ವಸತಿಯೊಂದರಲ್ಲಿ ವಾಸಿಸುವ ಇವಾನ್ಸ್ ಎಂಬ ಕಪ್ಪು ಕುಟುಂಬದ ಕಥೆ. ತಂದೆ ಜೇಮ್ಸ್ ಸಿಕ್ಕಿದ ಕೆಲಸಕ್ಕೆಲ್ಲ ಕೈಹಾಕುವ ಶ್ರಮಜೀವಿ. ತಾಯಿ ಫ್ಲಾರಿಡಾ ದೈವಭಕ್ತೆ. ಹಿರಿಯ ಮಗ ಜೆ. ಜೆ. ಚಿತ್ರಕಾರ, ಬಾಯಿಬಡುಕ, ಮಗಳು ತೆಲ್ಮಾ, ಕಿರಿಯವನಾದ ಮೈಕಲ್ ತನ್ನ ಜನರ ಹಕ್ಕುಗಳ ವಿಷಯದಲ್ಲಿ ದೊಡ್ಡವರಿಗೇ ಪಾಠ ಹೇಳತಕ್ಕ ಹುಡುಗ. ಲಿಫ್ಟು ಕೆಡುವುದು, ಕೆಲಸ ತಪ್ಪುವುದು, ಇವೇ ಅಲ್ಲಿ ನಗೆಯ ಮೂಲ. ಮಾಲೆಯನ್ನು ಕಲ್ಪಿಸಿದ ಇಬ್ಬರಲ್ಲಿ ಒಬ್ಬರಾದ ಎರಿಕ್ ಮಾಂಟಿಯವರು ಚಿಕಾಗೋವಿನ ಕ್ಯಾಬ್ರಿನಿ-ಗ್ರೀನ್ ವಸತಿಯಲ್ಲಿಯೇ ಬೆಳೆದವರು. ಬಡತನವನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ.

ಆದರೆ ನಾನು ಹೇಳಹೊರಟದ್ದು ಆ ತಂದೆಯ ವಿಷಯ. ಫ್ಲಾರಿಡಾಳ ಪಾತ್ರ ವಹಿಸಿದ ಎಸ್ತರ್ ರೋಲ್ ಎಂಬ ನಟಿ ಅದಕ್ಕೆ ಮುಂಚೆ ‘ಮಾಡ್’ ಎಂಬ ಮಾಲೆಯಲ್ಲಿ ಮನೆಗೆಲಸದವಳಾಗಿ ಅಭಿನಯಿಸಿ ಹೆಸರು ಪಡೆದಿದ್ದರು. ಆಕೆಯನ್ನೇ ಮುಂದಿಟ್ಟುಕೊಂಡು ಹೊಸ ಮಾಲೆ ಹೂಡಲು ನಿರ್ಮಾಪಕರು ಯೋಚಿಸಿದಾಗ, ಗಂಡನ ಆಸರೆಯಿಲ್ಲದೆ ಮಕ್ಕಳನ್ನು ಸಾಕುವ ತಾಯಿಯ ಕಥೆ ಅವರ ಮನಸ್ಸಿನಲ್ಲಿತ್ತು. ರೋಲ್ ಒಪ್ಪಲಿಲ್ಲ. ಮನೆಗೆ ಯಜಮಾನನಿದ್ದರೆ ಮಾತ್ರ ತಾವು ಬರುವುದಾಗಿ ಹಟ ಹಿಡಿದರು.

ಇದು ನಟಿಯ ಬರಿಯ ಬಿಗುಮಾನವಾಗಿರಲಿಲ್ಲ. ಕಪ್ಪು ಜನರ ಮನೆಗಳಲ್ಲಿ ತಂದೆಯೇ ನಿಲ್ಲುವುದಿಲ್ಲವೆಂಬ ಮಾತು ಆ ದೇಶದಲ್ಲಿ ಸಲೀಸಾಗಿ ಓಡಾಡುತ್ತಿತ್ತು. ಅದೇ ಕಾಲಕ್ಕೆ, ಬಡ ತಾಯಿಯ ಮನೆಯಲ್ಲಿ ಗಂಡಸಿದ್ದಾನೆಂದು ತಿಳಿದರೆ ಮಕ್ಕಳ ಸಹಾಯಧನವನ್ನೇ ನಿಲ್ಲಿಸುವ ನಿಯಮ ಕೆಲವು ಸಂಸ್ಥಾನಗಳಲ್ಲಿತ್ತು. ಅಲಬಾಮಾದ ಅಂತಹ ನಿಯಮವನ್ನು ೧೯೬೮ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ತಂದೆಯನ್ನು ಹೊರಗೆ ನಿಲ್ಲಿಸಿ, ತಂದೆಯೆಲ್ಲಿ ಎಂದು ಕೇಳುವ ನ್ಯಾಯ! ಅಂತೂ ರೋಲ್ ಗೆದ್ದರು. ಜಾನ್ ಏಮಸ್ ಜೇಮ್ಸನಾಗಿ ಬಂದರು.

ಆಮೇಲೆ ಆದದ್ದೇ ಬೇರೆ. ಜಿಮ್ಮಿ ವಾಕರ್ ಅಭಿನಯಿಸಿದ ಜೆ. ಜೆ.ಯ ‘ಡೈನೊಮೈಟ್’ ಎಂಬ ಒಂದೇ ಕೂಗಿಗೆ ಪ್ರೇಕ್ಷಕರು ಮರುಳಾದರು; ಬರೆಯುವವರ ಲೇಖನಿಯೂ ಅವನ ಹಿಂದೆಯೇ ಓಡಿತು. ಹದಿನೆಂಟು ವರ್ಷದ ಹುಡುಗ, ಓದಿಲ್ಲ, ಕೆಲಸವಿಲ್ಲ, ಇಂಥವನನ್ನು ನಮ್ಮ ಮಕ್ಕಳಿಗೆ ತೋರಿಸುವುದೇ ಎಂದು ರೋಲ್ ೧೯೭೫ರಲ್ಲಿ ಬಹಿರಂಗವಾಗಿಯೇ ಆಕ್ಷೇಪಿಸಿದರು. ಏಮಸ್ ಅವರೂ ಬರವಣಿಗೆಯ ವಿಷಯದಲ್ಲಿ ಜಗಳವಾಡಿದರು, ಕೆಲಸ ಕಳೆದುಕೊಂಡರು.

೧೯೭೬ರಲ್ಲಿ, ನಾಲ್ಕನೆಯ ವರ್ಷದ ಮೊದಲಲ್ಲಿ, ಕಥೆ ಹೀಗೆ ಸಾಗಿತು. ಮಿಸಿಸಿಪ್ಪಿಯಲ್ಲಿ ಜೇಮ್ಸನಿಗೆ ಕೆಲಸ ದೊರೆತಿದೆ. ಸಂಸಾರವೆಲ್ಲ ಅಲ್ಲಿಗೆ ಹೊರಡಲು ಗಂಟುಮೂಟೆ ಕಟ್ಟಿದೆ. ನೆರೆಹೊರೆಯವರು ಕೂಡಿ ಬೀಳ್ಕೊಡುತ್ತಿದ್ದಾರೆ. ಆಗ ತಂತಿ ಬರುವುದು: ಮೋಟಾರು ಅಪಘಾತದಲ್ಲಿ ಜೇಮ್ಸ್ ಮೃತನಾದನು. ಮುಂದಿನ ಕಂತಿನಲ್ಲಿ ಫ್ಲಾರಿಡಾ ಅಳುವುದಿಲ್ಲ. ಬಂದವರನ್ನು ನಗುನಗುತ್ತ ಉಪಚರಿಸುವಳು. ತಾಯಿಗೆ ದುಃಖವೇ ಇಲ್ಲವೇ ಎಂದು ಮಕ್ಕಳಿಗೇ ಕಳವಳ. ಅತಿಥಿಗಳು ಹೋದ ಮೇಲೆ ಗಾಜಿನ ಬೋಗುಣಿಯೊಂದನ್ನು ಎತ್ತಿ ನೆಲಕ್ಕೆ ಅಪ್ಪಳಿಸಿ ಚೀರುವಳು. ಇಷ್ಟು ಸತ್ಯವಾದ ದುಃಖವನ್ನು ನಾನು ಅನೇಕ ಗಂಭೀರ ನಾಟಕಗಳಲ್ಲಿಯೂ ಕಂಡಿಲ್ಲ. ಆ ಚೀತ್ಕಾರದಲ್ಲಿ ಫ್ಲಾರಿಡಾಳ ಸಂಕಟದೊಡನೆ ರೋಲ್ ಅವರ ಸಂಕಟವೂ ಸೇರಿದ್ದಿತೆಂದು ನನಗೆ ತೋರುತ್ತದೆ. ೧೯೭೭ರಲ್ಲಿ ಆಕೆಯೂ ಮಾಲೆಯನ್ನು ಬಿಟ್ಟರು. ಮರುವರ್ಷ, ಕೊನೆಯ ಸುತ್ತಿಗೆ, ಮರಳಿ ಬಂದರು.

೧೯೭೯ರ ಕಡೆಯ ಕಂತಿನಲ್ಲಿ ಜೆ. ಜೆ.ಗೆ ಚಿತ್ರಕಥೆ ಬರೆಯುವ ಕೆಲಸ ಸಿಕ್ಕುವುದು, ತೆಲ್ಮಾಳ ಗಂಡನಿಗೆ ಫುಟ್‌ಬಾಲ್ ತಂಡದಲ್ಲಿ ಸ್ಥಾನ ದೊರಕುವುದು. ಸಂಸಾರವು ಒಳ್ಳೆಯ ಮನೆಗೆ ಹೊರಡುವುದು. ಆ ಗಂಟುಮೂಟೆಗಳನ್ನು ಕಂಡಾಗ, ಮೂರು ವರ್ಷಗಳ ಹಿಂದೆ ಅದೇ ಮನೆಯಲ್ಲಿ ಕಟ್ಟಿ ಮತ್ತೆ ಬಿಚ್ಚಿದ ಗಂಟುಗಳು ನೆನಪಾಗದಿರವು.